ಮೊಸಳೆ ಮರಿ ಗಂಡೋ ಹೆಣ್ಣೋ? ತೀರ್ಮಾನ ನದಿದಡದ ಕಾವಿನದು

ಮೈಸೂರು: ಬೇಸಿಗೆ ಏರುತ್ತಿದ್ದಂತೆ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ ಜಲಾಶಯದ ಹಿನ್ನೀರು ದಿನೇ ದಿನೇ ಹಿಂದೆ ಸರಿಯುತ್ತದೆ. ನೀರು ಬಿಟ್ಟುಕೊಟ್ಟ ಬಯಲಿನಲ್ಲಿ ಹುಲ್ಲು ಚಿಗುರುತ್ತದೆ. ಕಾಡಿನಿಂದ ಆನೆಗಳ ಹಿಂಡು ಇಳಿದು ಬರುತ್ತದೆ. ಕ್ಯಾಮೆರಾ ಹಿಡಿದ ಪ್ರವಾಸಿಗರು ಕಾರಾಪುರದ ಕಡೆಗೆ ಧಾವಿಸುತ್ತಾರೆ. ಅದೇ ದಿನಗಳಲ್ಲಿ ದಡದ ಮಣ್ಣಿನೊಳಗೆ ಯಾರ ಕಣ್ಣಿಗೂ ಬೀಳದ ಒಂದು ತೀರ್ಮಾನ ನಡೆದಿರುತ್ತದೆ. ಹೆಣ್ಣು ಮೊಸಳೆ ಹೂತಿಟ್ಟ ಮೊಟ್ಟೆಗಳಿಂದ ಹೊರಬರುವ ಮರಿಗಳು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬ ತೀರ್ಮಾನ ಅದು. ಇದರಲ್ಲಿ ತಾಯಿಯ ರಕ್ತಕ್ಕಾಗಲೀ ತಂದೆಯ ರಕ್ತಕ್ಕಾಗಲೀ ಪಾತ್ರವಿಲ್ಲ. ತೀರ್ಪು ನೀಡುವುದು ಮೊಟ್ಟೆಯ ಸುತ್ತಲಿನ ಮಣ್ಣಿನ ಬಿಸಿ.

ಕನ್ನಡದಲ್ಲಿ 'ಕಾವು' ಎಂಬ ಪದಕ್ಕೆ ಎರಡು ಅರ್ಥ. ಬಿಸಿಯೂ ಕಾವು, ಮೊಟ್ಟೆಯಿಂದ ಮರಿ ಮಾಡಿಸುವ ಕ್ರಿಯೆಯೂ ಕಾವು. ಕೋಳಿಯ ಮಟ್ಟಿಗೆ ಕಾವು ಮರಿಯನ್ನು ಬೆಳೆಸುತ್ತದೆ, ಅಷ್ಟೇ. ಮೊಸಳೆಯ ಮಟ್ಟಿಗೆ ಅದು ಮರಿಯನ್ನು ಬೆಳೆಸುವುದರ ಜೊತೆಗೆ ಅದರ ಲಿಂಗವನ್ನೂ ಗೊತ್ತುಮಾಡುತ್ತದೆ. ಭೂಮಿಯ ತಾಪ ಏರುತ್ತಿರುವ, ನದಿಗಳ ದಡಗಳು ಸ್ವರೂಪ ಕಳೆದುಕೊಳ್ಳುತ್ತಿರುವ ಈ ಕಾಲದಲ್ಲಿ ಇದು ಕೇವಲ ಜೀವಶಾಸ್ತ್ರದ ಕೌತುಕವಾಗಿ ಉಳಿದಿಲ್ಲ.

ಒಂದೂವರೆ ಡಿಗ್ರಿಯ ಅಂತರ

ಕಬಿನಿ ಮತ್ತು ಕಾವೇರಿಯಲ್ಲಿ ಇರುವುದು ಮಗ್ಗರ್ ಜಾತಿಯ ಮೊಸಳೆ. ಸಿಹಿನೀರಿನ ನದಿ, ಕೆರೆ, ಜಲಾಶಯಗಳು ಇದರ ನೆಲೆ. ರಂಗನತಿಟ್ಟು ಪಕ್ಷಿಧಾಮದ ಬಂಡೆಗಳ ಮೇಲೆ ಬಾಯ್ತೆರೆದು ಬಿಸಿಲು ಕಾಯಿಸುವುದೂ, ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ ಮಲಗಿರುವುದೂ ಇದೇ ಜಾತಿ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಹೆಣ್ಣು ಮೊಸಳೆ ನೀರಿನಂಚಿನಿಂದ ಸ್ವಲ್ಪ ಮೇಲೆ, ಇಳಿಜಾರಿನಲ್ಲಿ ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಒಂದು ಗೂಡಿನಲ್ಲಿ ಹೆಚ್ಚಾಗಿ 25ರಿಂದ 30 ಮೊಟ್ಟೆಗಳಿರುತ್ತವೆ. ಗುಂಡಿಯನ್ನು ಮುಚ್ಚಿ, ಆಸುಪಾಸಿನಲ್ಲೇ ಕಾವಲಿರುತ್ತದೆ. ಸುಮಾರು ಎರಡು ತಿಂಗಳ ನಂತರ, ಮುಂಗಾರು ಸಮೀಪಿಸುವ ಹೊತ್ತಿಗೆ, ಮರಿಗಳು ಮೊಟ್ಟೆಯೊಳಗಿಂದಲೇ ಕೂಗತೊಡಗುತ್ತವೆ. ತಾಯಿ ಮಣ್ಣು ಕೆದರಿ ಅವುಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತದೆ.

ಚೆನ್ನೈ ಸಮೀಪದಲ್ಲಿ 1976ರಲ್ಲಿ ಆರಂಭವಾದ ಮದ್ರಾಸ್ ಮೊಸಳೆ ಕೇಂದ್ರದಲ್ಲಿ ಈ ಜಾತಿಯ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣಾಂಶಗಳಲ್ಲಿ ಇರಿಸಿ ಪರೀಕ್ಷಿಸಲಾಯಿತು. ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರ್ಯೂಸ್ ಮತ್ತು ರೋಮುಲಸ್ ವಿಟೇಕರ್ ಅವರು 1989ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: 28 ಡಿಗ್ರಿಯಿಂದ 31 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ಥಿರ ಉಷ್ಣಾಂಶದಲ್ಲಿಟ್ಟ ಮೊಟ್ಟೆಗಳಿಂದ ಹೊರಬಂದ ಮರಿಗಳೆಲ್ಲ ಹೆಣ್ಣು. 32.5 ಡಿಗ್ರಿಯಲ್ಲಿ ಇಟ್ಟವುಗಳಿಂದ ಬಂದ ಮರಿಗಳೆಲ್ಲ ಗಂಡು. ನಡುವಿನ 31.5 ಮತ್ತು 32 ಡಿಗ್ರಿಗಳಲ್ಲಿ ಎರಡೂ ಬಗೆಯ ಮರಿಗಳು ಹುಟ್ಟಿದವು. ಬಿಸಿಯನ್ನು 33ಕ್ಕೆ ಏರಿಸಿದಾಗ ಗಂಡುಗಳ ನಡುವೆ ಹೆಣ್ಣುಗಳು ಮತ್ತೆ ಕಾಣಿಸಿಕೊಂಡವು.

ಅಂದರೆ ಎಲ್ಲವೂ ಹೆಣ್ಣು ಎಂಬ ಸ್ಥಿತಿಗೂ ಎಲ್ಲವೂ ಗಂಡು ಎಂಬ ಸ್ಥಿತಿಗೂ ನಡುವೆ ಇರುವುದು ಕೇವಲ ಒಂದೂವರೆ ಡಿಗ್ರಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಈ ಸೂಕ್ಷ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಬ್ಯಾರನ್ ಒಳಗಿನ ಬಿಸಿ ಹದ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ ಎಂಬ ಭಯದಿಂದ ರಾತ್ರಿಯಿಡೀ ಉಷ್ಣಮಾಪಕದ ಮೇಲೆ ಕಣ್ಣಿಟ್ಟು ಕುಳಿತುಕೊಳ್ಳುವವರು ಅವರು. ಮೊಸಳೆಯ ಗೂಡಿಗೆ ಅಂತಹ ಉಸ್ತುವಾರಿ ಇಲ್ಲ. ಬಿಸಿಲು, ನೆರಳು, ಮಣ್ಣಿನ ತೇವ, ಗುಂಡಿಯ ಆಳ, ಮೊಟ್ಟೆಯಿಟ್ಟ ತಿಂಗಳು ಇವುಗಳ ಮೊತ್ತವೇ ಅದರ ಹದ.

ಮನುಷ್ಯರಲ್ಲಿ ಒಂದು ಬಗೆ, ಮೊಸಳೆಯಲ್ಲಿ ಮತ್ತೊಂದು

ಮನುಷ್ಯರಲ್ಲಿ ಮಗುವಿನ ಲಿಂಗ ಗರ್ಭ ನಿಲ್ಲುವ ಕ್ಷಣದಲ್ಲೇ ನಿಶ್ಚಯವಾಗುತ್ತದೆ. ತಾಯಿಯಿಂದ ಯಾವಾಗಲೂ ಎಕ್ಸ್ ವರ್ಣತಂತು ಬರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಮರೆಯುವ ಪಾಠವಿದು. ಕೋಳಿಯೂ ಸೇರಿದಂತೆ ಹಕ್ಕಿಗಳಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಎರಡು ಬಗೆಯ ವರ್ಣತಂತು ಇರುವುದು ಹೆಣ್ಣಿನಲ್ಲಿ. ಆದ್ದರಿಂದ ಮರಿಯ ಲಿಂಗ ನಿರ್ಧಾರವಾಗುವುದು ತಾಯಿಯ ಕಡೆಯಿಂದ.

ಮೊಸಳೆಗಳಿಗೆ ಲಿಂಗ ನಿರ್ಧರಿಸುವ ಇಂತಹ ವರ್ಣತಂತುಗಳೇ ಇಲ್ಲ. ಮೊಟ್ಟೆಯಿಟ್ಟ ದಿನ ಒಳಗಿರುವ ಭ್ರೂಣ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಎರಡೂ ಆಗಬಲ್ಲದು. ಇದುವರೆಗೆ ಪರೀಕ್ಷೆಗೆ ಒಳಪಟ್ಟ ಮೊಸಳೆ ಕುಲದ ಎಲ್ಲ ಜಾತಿಗಳಲ್ಲೂ ಕಂಡುಬಂದಿರುವುದು ಇದೇ. ಅನೇಕ ಜಾತಿಯ ಆಮೆಗಳು, ಎಲ್ಲ ಕಡಲಾಮೆಗಳು ಹಾಗೂ ಕೆಲವು ಹಲ್ಲಿ, ಓತಿಗಳು ಇದೇ ಗುಂಪಿಗೆ ಸೇರುತ್ತವೆ.

ತಿಳಿದದ್ದು ತಡವಾಗಿ

ಈ ಸಂಗತಿ ವಿಜ್ಞಾನದ ಗಮನಕ್ಕೆ ಮೊದಲು ಬಂದದ್ದು 1966ರಲ್ಲಿ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವಿಜ್ಞಾನಿ ಮ್ಯಾಡಲಿನ್ ಶಾರ್ನಿಯೆ ಅವರು ಅಗಾಮ ಎಂಬ ಓತಿಯ ಮೊಟ್ಟೆಗಳಲ್ಲಿ ಇದನ್ನು ಗುರುತಿಸಿದರು. ಆಗ ಅದಕ್ಕೆ ಹೆಚ್ಚಿನ ಮನ್ನಣೆ ಸಿಗಲಿಲ್ಲ. ಮೊಸಳೆ ಕುಲದಲ್ಲಿ ಇದು ಖಚಿತವಾದದ್ದು 1982ರಲ್ಲಿ. ಮಾರ್ಕ್ ಫರ್ಗುಸನ್ ಮತ್ತು ಟೆಡ್ ಜೋನೆನ್ ಅವರು ಅಮೆರಿಕದ ಅಲಿಗೇಟರ್ ಮೊಟ್ಟೆಗಳನ್ನು 30 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಿಸಿಯಲ್ಲಿಟ್ಟಾಗ ಹೆಣ್ಣು ಮರಿಗಳೂ, 34 ಡಿಗ್ರಿಯಲ್ಲಿಟ್ಟಾಗ ಗಂಡು ಮರಿಗಳೂ ಹುಟ್ಟುವುದನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಚರ್ಮದ ಆಸೆಗೆ ನಡೆದ ಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಮೊಸಳೆಗಳನ್ನು ಉಳಿಸಲು ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನೊಂದಿಗೆ ಮೊಸಳೆ ಸಂರಕ್ಷಣಾ ಯೋಜನೆಯನ್ನು ಆರಂಭಿಸಿದ್ದು 1975ರಲ್ಲಿ. ನದಿದಡದ ಗೂಡುಗಳಿಂದ ಮೊಟ್ಟೆಗಳನ್ನು ತಂದು, ಕೇಂದ್ರಗಳಲ್ಲಿ ಮರಿ ಮಾಡಿಸಿ, ಬೆಳೆಸಿ, ಮತ್ತೆ ನದಿಗೆ ಬಿಡುವುದು ಅದರ ಕ್ರಮ. ಮೊಟ್ಟೆಯಿಟ್ಟ ಜಾಗದ ಬಿಸಿಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ ಎಂಬುದು ಯೋಜನೆ ಶುರುವಾದಾಗ ಮೊಸಳೆ ತಜ್ಞರಿಗೆ ತಿಳಿದೇ ಇರಲಿಲ್ಲ! ಯೋಜನೆ ಅಸಂಖ್ಯ ಮರಿಗಳ ಪ್ರಾಣ ಉಳಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಿಗಳ ಸಂಖ್ಯೆಯ ಜೊತೆಗೆ ಅವುಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕವೂ ಮುಖ್ಯ ಎಂಬ ಅರಿವು ಮೂಡಿದ್ದು ಅನಂತರದ ವರ್ಷಗಳಲ್ಲಿ.

ಕಡಲಾಮೆಗಳ ವಿಷಯದಲ್ಲೂ ಇಂಥದೇ ಪಾಠ ಸಿಕ್ಕಿತು. ಹಿಂದೆ ಹಲವು ದೇಶಗಳಲ್ಲಿ ಕಡಲಾಮೆಯ ಮೊಟ್ಟೆಗಳನ್ನು ಕಳ್ಳರಿಂದ, ನಾಯಿಗಳಿಂದ ಕಾಪಾಡಲು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿಟ್ಟು ಮರಿ ಮಾಡಿಸಲಾಗುತ್ತಿತ್ತು. ಪೆಟ್ಟಿಗೆಯ ಒಳಗಿನ ಬಿಸಿ ಮರಳಿನ ಬಿಸಿಗಿಂತ ಸುಮಾರು ಒಂದು ಡಿಗ್ರಿಯಷ್ಟು ಕಡಿಮೆ. ಕಡಲಾಮೆಗಳಲ್ಲಿ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. ಪರಿಣಾಮವಾಗಿ ಪೆಟ್ಟಿಗೆಗಳಿಂದ ಹೊರಬಿದ್ದ ಮರಿಗಳಲ್ಲಿ ಗಂಡುಗಳೇ ಹೆಚ್ಚಾದವು. ಒಳ್ಳೆಯ ಉದ್ದೇಶವೇ ಒಂದು ಪೀಳಿಗೆಯ ಲೆಕ್ಕವನ್ನು ತಪ್ಪಿಸಬಹುದು ಎಂದು 1980ರ ದಶಕದ ಆರಂಭದಲ್ಲಿ ನಿಕೊಲಸ್ ಮ್ರೊಸೊವ್ಸ್ಕಿ ಎಂಬ ಸಂಶೋಧಕರು ಎಚ್ಚರಿಸಿದರು.

ಮೊಟ್ಟೆಯೊಳಗೆ ನಡೆಯುವುದೇನು?

ಕಾವಿನ ಅವಧಿಯುದ್ದಕ್ಕೂ ಬಿಸಿಗೆ ಈ ಅಧಿಕಾರ ಇರುವುದಿಲ್ಲ. ಅವಧಿಯನ್ನು ಮೂರು ಭಾಗ ಮಾಡಿದರೆ, ಹೆಚ್ಚು ಕಡಿಮೆ ನಡುವಿನ ಭಾಗವೇ ನಿರ್ಣಾಯಕ. ಆ ದಿನಗಳಲ್ಲಿ ಭ್ರೂಣದ ಜನನಾಂಗದ ಮೂಲ ಅಂಗಾಂಶ ವೃಷಣವಾಗುವುದೋ ಅಂಡಾಶಯವಾಗುವುದೋ ಎಂಬ ಕವಲುದಾರಿಯಲ್ಲಿರುತ್ತದೆ. ಒಮ್ಮೆ ಒಂದು ದಾರಿ ಹಿಡಿದ ಮೇಲೆ ಬಿಸಿ ಏರಿದರೂ ಇಳಿದರೂ ಅದು ಹಿಂದಿರುಗುವುದಿಲ್ಲ.

ಈ ಕವಲಿನಲ್ಲಿ ಅರೊಮಟೇಸ್ ಎಂಬ ಕಿಣ್ವಕ್ಕೆ ದೊಡ್ಡ ಪಾತ್ರವಿದೆ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುವುದು ಅದರ ಕೆಲಸ. ಹೆಣ್ಣಿಗೆ ಅನುಕೂಲವಾದ ಉಷ್ಣಾಂಶದಲ್ಲಿ ಕಿಣ್ವ ಚುರುಕಾಗುತ್ತದೆ, ಅಂಡಾಶಯ ಬೆಳೆಯುತ್ತದೆ. ಕಿಣ್ವ ಸುಮ್ಮನಿದ್ದರೆ ವೃಷಣ. ಹಾಗಾದರೆ ಬಿಸಿಯ ಸುದ್ದಿಯನ್ನು ಜೀವಕೋಶಕ್ಕೆ ಮುಟ್ಟಿಸುವವರು ಯಾರು? ಕೆಂಪು ಕಿವಿಯ ಆಮೆಯ ಮೇಲೆ ನಡೆದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಂದು ಉತ್ತರ ನೀಡಿತು. ಆ ಆಮೆಯಲ್ಲಿ 26 ಡಿಗ್ರಿಯ ತಂಪಿನಲ್ಲಿ ಒಂದು ವಂಶವಾಹಿ ಎಚ್ಚೆತ್ತು, ಗಂಡುತನಕ್ಕೆ ಕಾರಣವಾದ ಇನ್ನೊಂದು ವಂಶವಾಹಿಯ ಬೀಗ ತೆಗೆಯುತ್ತದೆ. ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಮೊದಲನೆಯದನ್ನು ಅಡಗಿಸಿದಾಗ, ಗಂಡಾಗಬೇಕಿದ್ದ ಮೊಟ್ಟೆಗಳಲ್ಲಿ ಬಹುಪಾಲು ಹೆಣ್ಣಾದವು.

ನಾಲ್ಕು ತಾಲ್ಲೂಕುಗಳ ಜೀವಿಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆಗಳನ್ನು ಒಟ್ಟಾಗಿ ನೋಡಿದರೆ ಇದು ನೀರು ಮತ್ತು ಕಾಡು ಸೇರಿದ ಸೀಮೆ. ಕಾವೇರಿ ಪಿರಿಯಾಪಟ್ಟಣದ ಕೊಪ್ಪವನ್ನೂ ಕೊಡಗಿನ ಕುಶಾಲನಗರವನ್ನೂ ಬೇರ್ಪಡಿಸಿ, ಮುಂದೆ ಕೆ.ಆರ್.ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ನಾಗರಹೊಳೆ ಕಾಡನ್ನು ಹಾದು ಬರುವ ಲಕ್ಷ್ಮಣತೀರ್ಥ ಹುಣಸೂರು ಪಟ್ಟಣವನ್ನು ಸೀಳಿಕೊಂಡು ಕೃಷ್ಣರಾಜಸಾಗರದ ಹಿನ್ನೀರಿಗೆ ಸೇರುತ್ತದೆ. ಕಬಿನಿಗೆ 1974ರಲ್ಲಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಚಾಚಿದೆ. ಇಲ್ಲಿನ ಸರೀಸೃಪಗಳೆಲ್ಲ ಒಂದೇ ನಿಯಮ ಪಾಲಿಸುತ್ತವೆ ಎಂದು ತಿಳಿದರೆ ತಪ್ಪಾದೀತು.

ಹಾವುಗಳನ್ನೇ ನೋಡಿ. ನಾಗರಹಾವು, ಕೇರೆಹಾವು, ಹೆಬ್ಬಾವು ಇವುಗಳಲ್ಲಿ ಲಿಂಗವನ್ನು ನಿರ್ಧರಿಸುವುದು ವಂಶವಾಹಿಗಳೇ. ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು, ಸ್ನಾಯುಗಳನ್ನು ಅದುರಿಸಿ, ಮೈಬಿಸಿ ಹೆಚ್ಚಿಸಿಕೊಂಡು ಕಾವು ಕೊಡುತ್ತದೆ. ಅಷ್ಟೆಲ್ಲ ಶ್ರಮದಿಂದ ಕೊಟ್ಟ ಆ ಕಾವಿಗೆ ಮರಿಯ ಲಿಂಗವನ್ನು ಬದಲಿಸುವ ಶಕ್ತಿ ಇಲ್ಲ. ಹೊಳೆಗಳಲ್ಲಿರುವ ಮೆದುಚಿಪ್ಪಿನ ಆಮೆಗಳ ಕುಟುಂಬದಲ್ಲೂ ಹಕ್ಕಿಗಳ ಮಾದರಿಯ ವರ್ಣತಂತುಗಳೇ ನಿರ್ಣಾಯಕ. ಇದಕ್ಕೆ ಭಿನ್ನವಾಗಿ, ಒಣ ಸೀಮೆಯ ನಕ್ಷತ್ರ ಆಮೆಯ ಲಿಂಗ ಕಾವನ್ನು ಅವಲಂಬಿಸಿದೆ.

ಅತ್ಯಂತ ಕುತೂಹಲದ ಕಥೆ ಬೇಲಿಯ ಮೇಲಿನ ಓತಿಕ್ಯಾತನದು. ಮಕ್ಕಳ ಕಲ್ಲೇಟಿಗೆ ಸದಾ ಗುರಿಯಾಗುವ ಈ ಜೀವಿಯನ್ನು ಕುರಿತು ಮಹತ್ವದ ಸಂಶೋಧನೆ ನಡೆದದ್ದು ನಮ್ಮ ರಾಜ್ಯದಲ್ಲೇ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರ ದಶಕದಲ್ಲಿ, ಓತಿಕ್ಯಾತನಲ್ಲಿ ಗುರುತಿಸಬಲ್ಲ ಲಿಂಗ ವರ್ಣತಂತುಗಳಿಲ್ಲ, ಬಿಸಿಯ ಪ್ರಭಾವವೂ ಕಾಣುತ್ತಿಲ್ಲ ಎಂದಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಲ್.ಎಸ್.ಇನಾಮದಾರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಬಿ.ಶೇಷಗಿರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಮೊಟ್ಟೆಗಳ ಉಷ್ಣಾಂಶವನ್ನು ಹಂತಹಂತವಾಗಿ ಹೆಚ್ಚಿಸುತ್ತ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಕೊನೆಗೆ ಮತ್ತೆ ಗಂಡು ಎಂಬ ಕ್ರಮ ಅವರಿಗೆ ಕಂಡಿತು. ಹೀಗೆ ಎರಡೆರಡು ಬಾರಿ ಮಗ್ಗುಲು ಬದಲಿಸುವ ಈ ಮಾದರಿ ಹೊಸದಿರಬಹುದು ಎಂದು ಅವರು ಬರೆದರು. ಒಂದೇ ಜೀವಿಯ ಬಗ್ಗೆ ಎರಡು ಪ್ರಯೋಗಾಲಯಗಳಿಂದ ಎರಡು ಉತ್ತರ ಬಂದಿರುವುದು ಈ ವಿಷಯ ಎಷ್ಟು ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ.

ತಾಯಿ ಆರಿಸುವ ಜಾಗ

ಲಿಂಗವನ್ನು ಹವೆಯ ಕೈಗೊಪ್ಪಿಸುವ ಈ ಏರ್ಪಾಡು ಅಪಾಯಕಾರಿ ಎನಿಸಬಹುದು. ಆದರೆ ಮೊಸಳೆ, ಆಮೆಗಳ ಕುಲಗಳು ಕೋಟ್ಯಂತರ ವರ್ಷಗಳ ಏರಿಳಿತಗಳನ್ನು ದಾಟಿ ಬಂದಿವೆ. ಅವುಗಳ ರಕ್ಷಣೆ ಇರುವುದು ವೈವಿಧ್ಯದಲ್ಲಿ. ಒಂದು ತಾಯಿ ಮರದ ನೆರಳಿನಲ್ಲಿ ಗುಂಡಿ ತೋಡಿದರೆ ಇನ್ನೊಂದು ಬಟ್ಟಬಯಲಿನಲ್ಲಿ ತೋಡುತ್ತದೆ. ಒಂದು ಬೇಗ ಮೊಟ್ಟೆಯಿಟ್ಟರೆ ಇನ್ನೊಂದು ತಡವಾಗಿ ಇಡುತ್ತದೆ. ಒಂದೇ ಗೂಡಿನಲ್ಲಿ ಮೇಲಿನ ಮೊಟ್ಟೆಗೂ ತಳದ ಮೊಟ್ಟೆಗೂ ತಾಗುವ ಬಿಸಿ ಬೇರೆ. ಹೀಗಾಗಿ ಇಡೀ ನದಿಯ ಲೆಕ್ಕ ಹಿಡಿದರೆ ಗಂಡೂ ಹುಟ್ಟುತ್ತದೆ, ಹೆಣ್ಣೂ ಹುಟ್ಟುತ್ತದೆ.

ಈ ವೈವಿಧ್ಯ ಉಳಿಯಬೇಕಾದರೆ ದಡ ದಡವಾಗಿಯೇ ಉಳಿಯಬೇಕು. ಮರಳು ತೆಗೆದರೆ ಗೂಡಿಗೆ ಜಾಗವೇ ಇಲ್ಲ. ದಡದ ಮರಗಳನ್ನು ಕಡಿದರೆ ತಂಪಿನ ಗೂಡುಗಳಿಲ್ಲ. ಕಲ್ಲು, ಕಾಂಕ್ರೀಟು ಹಾಸಿದರೆ ಎರಡೂ ಇಲ್ಲ. ಜಲಾಶಯಗಳಲ್ಲಿ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ದಡದ ಕೆಳಭಾಗದಲ್ಲಿ ಮೊಸಳೆ ಮೊಟ್ಟೆಯಿಟ್ಟರೆ, ವಯನಾಡಿನ ಮಳೆಗೆ ಕಬಿನಿ ಬೇಗ ತುಂಬಿದ ವರ್ಷ ಮರಿಯಾಗುವ ಮೊದಲೇ ಗೂಡು ಮುಳುಗುತ್ತದೆ. ನೆರಳೂ ಬಿಸಿಲೂ ಎರಡೂ ಇರುವ, ಸಾಕಷ್ಟು ಎತ್ತರದ ಇಳಿಜಾರು ದಡ ಮೊಸಳೆಗೆ ಮನೆಯಷ್ಟೇ ಮುಖ್ಯ.

ಏರುತ್ತಿರುವ ತಾಪ

ಭೂಮಿಯ ತಾಪ ಹೆಚ್ಚಿದರೆ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದಿಂದ ಒಂದು ಮುನ್ಸೂಚನೆ ಬಂದಿದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಬಿಸಿ ತೀರಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಳೆಯ ಆಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣು. ವಯಸ್ಕ ಆಮೆಗಳಲ್ಲಿ ಈ ಪ್ರಮಾಣ ಸುಮಾರು ಶೇ 87. ಅಂದರೆ ಹಳೆಯ ಪೀಳಿಗೆಗಿಂತ ಹೊಸ ಪೀಳಿಗೆಯಲ್ಲಿ ಗಂಡು ಇನ್ನಷ್ಟು ವಿರಳ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ.

ಮಗ್ಗರ್ ಮೊಸಳೆಯ ಲೆಕ್ಕ ಇಷ್ಟು ನೇರವಲ್ಲ. ತಂಪಿನ ಗೂಡುಗಳು ಸ್ವಲ್ಪ ಬಿಸಿಯಾದರೆ ಗಂಡು ಹೆಚ್ಚುತ್ತದೆ. 32.5 ಡಿಗ್ರಿಯನ್ನು ದಾಟಿದರೆ ಹೆಣ್ಣು ಮರಳುತ್ತದೆ. ಇನ್ನೂ ಏರಿದರೆ ಭ್ರೂಣವೇ ಉಳಿಯುವುದಿಲ್ಲ. ಹಾಗೆಂದು ಮೊಸಳೆ ತಾನಾಗಿಯೇ ಹೊಂದಿಕೊಂಡೀತು ಎಂದು ನಿಶ್ಚಿಂತರಾಗುವಂತಿಲ್ಲ. ಹೆಣ್ಣು ಮೊಸಳೆ ಮೊಟ್ಟೆಯಿಡುವ ವಯಸ್ಸಿಗೆ ಬರಲು ಆರು ವರ್ಷಗಳಾದರೂ ಬೇಕು. ಗಂಡಿಗೆ ಇನ್ನೂ ಹೆಚ್ಚು. ಇಂದಿನ ಬೇಸಿಗೆಯ ಏರುಪೇರು ನದಿಯಲ್ಲಿ ಕಾಣಿಸಿಕೊಳ್ಳುವುದು ಮುಂದಿನ ದಶಕದಲ್ಲಿ. ಹಾವಳಿ ಕಣ್ಣಿಗೆ ಬೀಳುವ ಹೊತ್ತಿಗೆ ಹಲವು ವರ್ಷಗಳ ಗೂಡುಗಳು ಕೈತಪ್ಪಿರುತ್ತವೆ.

ಮೊಟ್ಟೆ ಕಂಡರೆ

ನದಿದಡದ ಹೊಲಗಳಲ್ಲಿ, ನಾಲೆಯ ಏರಿಗಳಲ್ಲಿ ಮೊಸಳೆ ಕಾಣಿಸಿಕೊಂಡಾಗ ಜನ ಗಾಬರಿಯಾಗುವುದು ಸಹಜ. ಬಟ್ಟೆ ಒಗೆಯಲು, ದನಕರುಗಳ ಮೈತೊಳೆಯಲು, ಮೀನು ಹಿಡಿಯಲು ನೀರಿಗಿಳಿಯುವವರ ಭಯವನ್ನು ಪಟ್ಟಣದಲ್ಲಿ ಕುಳಿತು ಹಗುರವಾಗಿ ಕಾಣುವಂತಿಲ್ಲ. ಗೂಡಿನ ಸಮೀಪದ ತಾಯಿ ಮೊಸಳೆ ಎಂದಿಗಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಮೊಟ್ಟೆ ಅಥವಾ ಗೂಡು ಕಂಡರೆ ಅಲ್ಲಿಂದ ದೂರ ಸರಿದು, ಸಮೀಪದ ವಲಯ ಅರಣ್ಯ ಕಚೇರಿಗೆ ತಿಳಿಸುವುದೇ ಸರಿಯಾದ ಕ್ರಮ.

ಮೊಟ್ಟೆಗಳನ್ನು ತಾವೇ ಎತ್ತಿ ಸುರಕ್ಷಿತ ಜಾಗಕ್ಕೆ ಸಾಗಿಸುವ ಸಾಹಸ ಮೂರು ಕಾರಣಗಳಿಂದ ತಪ್ಪು. ಮೊದಲನೆಯದು, ಮೊಟ್ಟೆಯಿಟ್ಟ ಒಂದೆರಡು ದಿನಗಳಲ್ಲೇ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ ಮೊಟ್ಟೆಯನ್ನು ಹೊರಳಿಸಿದರೆ ಅದು ಸಾಯುತ್ತದೆ. ಎರಡನೆಯದು, ಉಳಿದರೂ ಬದಲಾದ ಜಾಗದ ಬಿಸಿ ಮರಿಗಳ ಲಿಂಗವನ್ನೇ ಬದಲಿಸಬಲ್ಲದು. ಮೂರನೆಯದು ಕಾನೂನು. ಮಗ್ಗರ್ ಮೊಸಳೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದ ರಕ್ಷಣೆಯಿದೆ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ, ಗೂಡನ್ನು ಕೆದಕುವುದನ್ನೂ ಈ ಕಾಯ್ದೆ ಬೇಟೆ ಎಂದೇ ಪರಿಗಣಿಸುತ್ತದೆ.

ಮುಂದಿನ ಬೇಸಿಗೆಯಲ್ಲಿ ಕಬಿನಿಗೆ ಹೋಗುವವರು ಬಿಸಿಲಿಗೆ ಮೈಯೊಡ್ಡಿದ ಮೊಸಳೆಯ ಚಿತ್ರ ತೆಗೆದುಕೊಳ್ಳಲಿ. ಅದರ ಹಿಂದಿರುವ ಮಣ್ಣಿನ ಏರಿಯನ್ನೂ ಅದರ ಮೇಲಿನ ನೆರಳನ್ನೂ ಒಮ್ಮೆ ಗಮನಿಸಲಿ. ಮೊಸಳೆಗೆ ಕಾನೂನಿನ ಕಾವಲಿದೆ. ಅದರ ಮರಿಗಳು ಗಂಡೋ ಹೆಣ್ಣೋ ಎಂದು ಗೊತ್ತುಮಾಡುವ ಆ ಏರಿಗೂ ಅಷ್ಟೇ ಕಾವಲು ಬೇಕಾಗಿದೆ.